ಬುಟ್ಟಿಯಡಿಯ ಮೋಡೆಮ್ಮು

ಹಿರಿಯೂರು
೧೨ ಆಗಸ್ಟ್ ೨೦೨೫, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಉಷಾ,

ಮೊಣಕಾಲು ಹೇಗಿದೆ? ಎಡಗಾಲು ಮಡಚಲು ಬರುತ್ತಿದೆಯೋ, ಇಲ್ಲ ಇನ್ನೂ ನನ್ನ ಹಾಗೆ ಹಟ ಮಾಡುತ್ತಿದೆಯೋ? ಹೊಳಲ್ಕೆರೆಯ ಆ ಪ್ರಕೃತಿ ಚಿಕಿತ್ಸಾಲಯದವರು ಗೇಟಿನಲ್ಲೇ ನಿನ್ನ ಮೊಬೈಲು ಇಸಿದುಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು ಅಂತ ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಇಪ್ಪತ್ತೊಂದು ದಿನ ‘ಗ್ಯಾಸ್ ಆಫ್ ಮಾಡಿದ್ರಾ’ ಅಂತ ಕೇಳುವವರಿಲ್ಲ ಎಂದು. ಒಂಬತ್ತು ದಿನಕ್ಕೇ ಆ ಖುಷಿ ಮುಗಿಯಿತು. ಈಗ ನಾನೇ ಎದ್ದೆದ್ದು ಹೋಗಿ ಗ್ಯಾಸ್ ನೋಡಿ ಬರುತ್ತೇನೆ. ಒಲೆ ಹಚ್ಚಿರುವುದೇ ಇಲ್ಲ, ಅದು ಬೇರೆ ಮಾತು. ನಿನಗೆ ಅಲ್ಲಿ ದಿನವೂ ಹೊಟ್ಟೆಯ ಮೇಲೆ ಮಣ್ಣು ಹಚ್ಚುತ್ತಾರಂತೆ. ಇಲ್ಲಿ ನಾನು ನನ್ನ ಬಾಯಿಗೆ ನಾನೇ ಹಾಕಿಕೊಂಡು ಕೂತಿದ್ದೇನೆ. ಮೊನ್ನೆ ಭಾನುವಾರ ನಿನ್ನ ಕೈಗೆ ಹತ್ತು ನಿಮಿಷ ಫೋನ್ ಕೊಟ್ಟಾಗಲೇ ಹೇಳಬೇಕಿತ್ತು. ಹಾಲಿನವನು ತಡವಾಗಿ ಬಂದದ್ದು, ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ಎಲ್ಲ ಹೇಳಿದೆ. ಹೇಳಬೇಕಾದ್ದೊಂದನ್ನು ಬಿಟ್ಟು. ಅದಕ್ಕೇ ಕಾಗದ. ಕಾಗದ ಓದುವಾಗ ನಿನ್ನ ಮುಖ ನನಗೆ ಕಾಣುವುದಿಲ್ಲವಲ್ಲ.

ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು ಹೇಳಿದ್ದೆ: “ನೆಟ್ ಹೋದ್ರೆ ಹೋಗ್ಲಿ, ಮೂರ್ತಪ್ಪನ ಮನಸ್ಸು ನೋಯಿಸೋ ಕೆಲ್ಸ ಮಾತ್ರ ಮಾಡ್ಬ್ಯಾಡ್ರಿ.” ಮಾಡಿದ್ದೇನೆ. ಅವನ ಕೇಬಲ್ ನೆಟ್ ಮನೆಯಲ್ಲಿ ಇರುವಾಗಲೇ ದೊಡ್ಡ ಕಂಪನಿಯ ಫೈಬರ್ ಹಾಕಿಸಿದ್ದೇನೆ. ಅವನಿಗೆ ಹೇಳಿಲ್ಲ. ನಿನ್ನಪ್ಪ ಅಮ್ಮ ಹೋದ ಮೇಲೆ, ಚಿಕ್ಕಪ್ಪ ಜುಂಜಯ್ಯನೂ ಹೋದ ಮೇಲೆ, ನಿನಗೆ ತವರು ಅಂತ ಉಳಿದಿರುವುದು ಚಿಕ್ಕಪ್ಪನ ಈ ಮಗ ಒಬ್ಬನೇ. ಗೌರಿ ಹಬ್ಬಕ್ಕೆ ಸೀರೆ ಹಿಡಿದು ನಮ್ಮ ಬಾಗಿಲಿಗೆ ಬರುವವನೂ ಅವನೊಬ್ಬನೇ. ಹಬ್ಬಕ್ಕೆ ಇನ್ನು ಎರಡೇ ವಾರ. ಈ ಸಲ ಅವನು ಬರದಿದ್ದರೆ ನೀನು ನನ್ನ ಮೇಲೆ ಕೂಗಾಡುವುದಿಲ್ಲ, ಅದು ನನಗೆ ಗೊತ್ತು. ಸುಮ್ಮನೆ ಬಾಗಿಲ ಕಡೆ ನೋಡುತ್ತ ಹೂ ಕಟ್ಟುತ್ತಿರುತ್ತೀಯ. ಅದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಪ್ಯಾರಾ ಬರೆಯುವಷ್ಟರಲ್ಲಿ ಮೂರು ಸಲ ಎದ್ದೆ. ಎರಡು ಸಲ ಗ್ಯಾಸಿಗೆ, ಒಂದು ಸಲ ಸುಮ್ಮನೆ.

ಯಾಕೆ ಮಾಡಿದೆ ಅಂದರೆ, ನೀನು ಹೋದ ಮಾರನೆಯ ದಿನವೇ ನನ್ನ ಮೊದಲ ಆನ್‌ಲೈನ್ ಪಾಠವಿತ್ತಲ್ಲ. ಚಿತ್ರದುರ್ಗದ ಕೋಚಿಂಗ್ ಸೆಂಟರಿನ ಬೀರೇಶ್ ಅರವತ್ತು ಜನರನ್ನು ಕೂರಿಸಿದ್ದ. ನಿವೃತ್ತಿಯಾಗಿ ಎರಡು ವರ್ಷದ ಮೇಲೆ ‘ಸಾರ್’ ಅಂತ ಅರವತ್ತು ಬಾಯಿ ಒಟ್ಟಿಗೆ ಕೂಗಿದರೆ ಹೇಗಾಗುತ್ತದೆ ಗೊತ್ತಾ ನಿನಗೆ? ಪಂಚೆಯ ಮೇಲೆ ಕೋಟು ಹಾಕಿಕೊಂಡು ಕೂತಿದ್ದೆ. ಲೋಪಸಂಧಿ ವಿವರಿಸುತ್ತಿದ್ದೆ, ಗಾಳಿಗೆ ಎಲ್ಲೋ ತೆಂಗಿನ ಸೋಗೆ ಮೂರ್ತಪ್ಪನ ವೈರಿನ ಮೇಲೆ ಬಿತ್ತು, ನಾನೇ ಲೋಪವಾದೆ. ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಬೆರಳು ಮೇಲೆತ್ತಿ ನಿಂತುಬಿಟ್ಟ ನನ್ನ ಚಿತ್ರವನ್ನು ಹುಡುಗರು ಗ್ರೂಪಿಗೆಲ್ಲ ಹಾಕಿದರು. ಬೀರೇಶ್ ಗೌರವದಿಂದಲೇ ಹೇಳಿದ, ಮುಂದಿನ ಸೋಮವಾರವೂ ಹೀಗಾದರೆ ಪಾಠ ಬೇರೆಯವರಿಗೆ ಕೊಡಬೇಕಾಗುತ್ತದೆ ಅಂತ. ಮೂರ್ತಪ್ಪ ಪಾಪ, ಅರ್ಧ ಗಂಟೆಯಲ್ಲಿ ಏಣಿ ಹೊತ್ತು ಬಂದು ಸರಿ ಮಾಡಿದ. “ಗಾಳಿ ಕಾಲ ಮುಗೀಲಿ ಭಾವ, ಆಮೇಲೆ ನೋಡ್ರಿ ಹೆಂಗ್ ಓಡತೈತೆ” ಅಂದ. ಗಾಳಿ ಕಾಲ ಮುಗಿಯುವಷ್ಟರಲ್ಲಿ ನನ್ನ ಕಾಲ ಮುಗಿದಿರುತ್ತದೆ ಎಂದು ಹೇಳಲಿಲ್ಲ.

ಮರುದಿನ ಅಕೀಬನ ಅಂಗಡಿಗೆ ಹೋದೆ. ಪಿಯುಸಿಯಲ್ಲಿ ನನ್ನ ಶಿಷ್ಯ. ಆಗ ಅವನಿಗೆ ಗುರು ಲಘು ಗೊತ್ತಾಗುತ್ತಿರಲಿಲ್ಲ. ಈಗ ಗುರುವನ್ನೇ ಲಘುವಾಗಿ ನೋಡುವಷ್ಟು ಬೆಳೆದಿದ್ದಾನೆ. “ಸಿಂಗಲ್ ಬ್ಯಾಂಡಾ ಡ್ಯುಯಲ್ ಬ್ಯಾಂಡಾ ಸಾರ್?” ಅಂದ. ನಮ್ಮ ಮದುವೆಗೆ ಒಂದೇ ಬ್ಯಾಂಡು ಸಾಕಾಗಿತ್ತು ಅಂದೆ. ನಗಲಿಲ್ಲ, ವ್ಯಾಪಾರದ ಹೊತ್ತು. ಅವನು ಬಿಡಿಸಿ ಹೇಳಿದ್ದು ಇಷ್ಟು: ಒಂದು ಬಗೆಯ ಸಿಗ್ನಲ್ ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ, ಇನ್ನೊಂದು ನಿನ್ನ ಸಿಟ್ಟಿನ ಹಾಗೆ, ಭಾರಿ ವೇಗ, ಕೋಣೆ ದಾಟುವುದರೊಳಗೆ ಇಳಿದಿರುತ್ತದೆ. ಎರಡೂ ಇದ್ದರೆ ಒಳ್ಳೆಯದು. ಶೋಕೇಸಿನಲ್ಲಿ ಆರು ಆಂಟೆನಾ ಎತ್ತಿಕೊಂಡು ಟಗರಿನ ಹಾಗೆ ನಿಂತ ಮೋಡೆಮ್ಮೊಂದರ ಮೇಲೆ ನನ್ನ ಕಣ್ಣು ಬಿದ್ದಿತ್ತು. “ಕೊಂಬು ಎಣಿಸ್ಬ್ಯಾಡ್ರಿ ಸಾರ್, ನಿಮ್ಮನೆ ಗೋಡೆ ಎಣಿಸ್ರಿ” ಅಂದ. ನಮ್ಮದು ಒಂದೂವರೆ ಅಡಿಯ ಕಲ್ಲುಗೋಡೆ, ಮಧ್ಯದ ಕೋಣೆಯಲ್ಲಿ ಎತ್ತರಕ್ಕೆ ತೂಗುಹಾಕಿದರೆ ಕಂಪನಿಯವರು ಕೊಡುವುದೇ ಸಾಕು, ನನ್ನ ಹತ್ರ ತಗೋಬ್ಯಾಡ್ರಿ ಎಂದು ಮಾರುವವನೇ ಹೇಳಿದ. ಛಂದಸ್ಸು ಬಾರದಿದ್ದರೂ ಹುಡುಗ ಚೆಂದ. ಅಂಗಡಿ ಇಳಿಯುವಾಗ ಮಾತ್ರ ಮೆಲ್ಲಗೆ ಕೇಳಿದ, “ಮೂರ್ತಪ್ಪಣ್ಣಂಗೆ ಹೇಳಿದೀರಾ ಸಾರ್?” ನಾನು ರೇಂಜ್ ಸಿಗದವನ ಹಾಗೆ ನಡೆದುಬಂದೆ.

ಗುರುವಾರ ಬೆಳಿಗ್ಗೆ ಕಂಪನಿಯ ಇಬ್ಬರು ಬಂದು ಒಂದೇ ಗಂಟೆಯಲ್ಲಿ ಎಲ್ಲ ಮುಗಿಸಿ, ವೈರನ್ನು ರಸ್ತೆಯ ಮೇಲೆ ಜೋಲುಬಿಟ್ಟು ಹೋದರು. ಆಗ ಹನ್ನೆರಡೂವರೆ. ಒಂದಕ್ಕೆ ಮೂರ್ತಪ್ಪ ಬರುವ ಹೊತ್ತು! ನೀನಿಲ್ಲ ಅಂತ ದಿನವೂ ಮಧ್ಯಾಹ್ನ ಕ್ಯಾರಿಯರಿನಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ತಂದುಕೊಡುತ್ತಾನೆ, ತಿನ್ನುವ ತನಕ ಎದುರಿಗೆ ಕೂತಿರುತ್ತಾನೆ. ಹೊಸ ಮೋಡೆಮ್ಮನ್ನು ಮೊದಲು ನಿನ್ನ ರಾಗಿ ಹಿಟ್ಟಿನ ಸ್ಟೀಲ್ ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿದೆ, ಸಿಗ್ನಲ್ ಸತ್ತೇಹೋಯಿತು. ತೆಗೆದು ಒರೆಸಿ ನಡುಮನೆಯ ನೆಲದ ಮೇಲಿಟ್ಟು ಬಿದಿರು ಬುಟ್ಟಿ ಕವುಚಿದೆ. ಸಿಗ್ನಲ್ ಬಂತು, ಜೊತೆಗೆ ಬುಟ್ಟಿಯ ಸಂದಿನಿಂದ ಹಸಿರು ದೀಪವೂ ಮಿಣಮಿಣ ಬಂತು. ಮೂರ್ತಪ್ಪ ಸರಿಯಾಗಿ ಅದರ ಪಕ್ಕದಲ್ಲೇ ಕೂತ. “ಬುಟ್ಟಿಯಾಗೆ ಏನೈತೆ ಭಾವ?” ಅಂದ. ಸೀತಾಫಲ, ಹಣ್ಣಿಗೆ ಹಾಕಿದ್ದೀನಿ ಅಂದೆ. ಮೂವತ್ತು ವರ್ಷ ಪಾಠ ಮಾಡಿದ ನಾಲಿಗೆಗೆ ಸಿಕ್ಕ ಸುಳ್ಳು ಅಷ್ಟೇ. ಅವನು ಬುಟ್ಟಿಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, “ಹಣ್ಣಾದ್ಮ್ಯಾಲೆ ನನಗೂ ಒಂದ್ ಕೊಡ್ರಿ” ಎಂದು ಖಾಲಿ ಕ್ಯಾರಿಯರ್ ಹಿಡಿದು ಹೋದ.

ಅವತ್ತಿನಿಂದ ದಿನವೂ ಕೇಳುತ್ತಾನೆ. ಶುಕ್ರವಾರ, “ಹಣ್ಣಾತಾ ಭಾವ?” ಶನಿವಾರ, ಮುದ್ದೆಯ ಮೇಲೆ ತುಪ್ಪ ಹಾಕುತ್ತ, “ಹಣ್ಣಾತಾ?” ಭಾನುವಾರ, ಸೋಮವಾರ, ಅದೇ. ಐದು ದಿನವಾದರೂ ಹಣ್ಣಾಗದ ಸೀತಾಫಲ ಈ ಜಿಲ್ಲೆಯಲ್ಲಿ ಇದೊಂದೇ ಇರಬೇಕು. ಮುದ್ದೆ ನುಂಗುವುದು ಸುಲಭ. ನಿನ್ನ ತಮ್ಮ ಎದುರಿಗೆ ಕೂತು ನೋಡುತ್ತಿರುವಾಗ ನುಂಗಿ ನೋಡು.

ನಿನ್ನೆ ಸಂಜೆಯ ಪಾಠ ಒಮ್ಮೆಯೂ ಕಡಿಯಲಿಲ್ಲ. ಗಾಳಿಯೋ ಗಾಳಿ, ತೆಂಗಿನಮರಗಳು ಹುಚ್ಚು ಹಿಡಿದಂತೆ ತಲೆ ಕೆದರಿಕೊಂಡಿದ್ದವು. ಆಗಮ, ಆದೇಶ ಎರಡೂ ಸಂಧಿ ಮುಗಿಸಿದೆ. ಬೀರೇಶ್ ವರ್ಷಪೂರ್ತಿ ನೀವೇ ಸಾರ್ ಅಂದ. ಜೋಲುತ್ತಿದ್ದ ಆ ವೈರು ಇಷ್ಟು ಗಾಳಿಗೆ ಹೇಗೆ ಉಳಿಯಿತು ಅಂತ ಇವತ್ತು ಬೆಳಿಗ್ಗೆ ಹೊರಗೆ ಹೋಗಿ ನೋಡಿದೆ. ಜೋಲುತ್ತಿರಲಿಲ್ಲ. ಯಾರೋ ಅದನ್ನು ತೆಂಗಿನಕಾಯಿ ಲಾರಿಗೂ ಸಿಗದ ಎತ್ತರಕ್ಕೆ ಎಳೆದು ಕಂಬಕ್ಕೆ ಬಿಗಿದಿದ್ದರು. ಕಂಬಕ್ಕೆ ಒಂದು ಗಂಟು, ನಮ್ಮ ಸಜ್ಜದ ಕೊಕ್ಕೆಗೆ ಇನ್ನೊಂದು. ಆ ಗಂಟು ನಿನಗೆ ಗೊತ್ತು. ಜುಂಜಯ್ಯ ಮಾವ ಕುರಿ ದೊಡ್ಡಿಗೆ ಬಲೆ ಕಟ್ಟುತ್ತಿದ್ದ ಗಂಟು, ಎಳೆದಷ್ಟೂ ಬಿಗಿ, ಬಾಲ ಹಿಡಿದು ಜಗ್ಗಿದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ನಮ್ಮ ಕೀರ್ತನಾಳ ತೊಟ್ಟಿಲಿಗೆ ಅದೇ ಗಂಟು ಹಾಕಿ ಕೊಟ್ಟಿದ್ದರಲ್ಲ. ನೀನು ಎಷ್ಟು ಸಲ ಹೇಳಿಕೊಟ್ಟರೂ ನನಗೆ ಬರಲಿಲ್ಲ. ನಿಮ್ಮ ಮನೆಯವರ ಕೈಗೆ ಬಿಟ್ಟರೆ ಇನ್ಯಾರ ಕೈಗೂ ಅದು ಬರುವುದಿಲ್ಲ. ಅವನ ನೆಟ್ಟನ್ನು ಬಿಟ್ಟು ನಾನು ಹಾಕಿಸಿಕೊಂಡ ವೈರನ್ನು ಅವನೇ ಏಣಿ ಹತ್ತಿ ಕಟ್ಟಿ ಹೋಗಿದ್ದಾನೆ. ಮೊದಲ ದಿನವೇ ಅವನಿಗೆ ಗೊತ್ತಾಗಿದೆ, ಉಷಾ. ದಿನವೂ ಕಂಬ ನೋಡುವುದೇ ಕೆಲಸವಾದವನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಕೇಳುತ್ತಿದ್ದುದು ಸೀತಾಫಲವನ್ನಲ್ಲ. ಭಾವ ಯಾವಾಗ ಬಾಯಿ ಬಿಡುತ್ತಾನೆ ಅಂತ.

ಆಗಿನಿಂದ ಮನೆಯೊಳಗೆ ತಿರುಗುತ್ತಲೇ ಇದ್ದೇನೆ. ಇವತ್ತು ಅವನು ಬರುವ ಮೊದಲೇ ಬುಟ್ಟಿ ತೆಗೆದಿಡುತ್ತೇನೆ. ಹೇಳುತ್ತೇನೆ. ಏನು ಹೇಳಬೇಕು ಅಂತ ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಕನ್ನಡ ಮೇಷ್ಟ್ರಿಗೆ ಬಂದ ಗತಿ ನೋಡು. ನೀನು ಮಾತ್ರ ನಿಶ್ಚಿಂತೆಯಾಗಿರು, ರಸ ಎಷ್ಟೇ ಕಹಿಯಾದರೂ ಕುಡಿ, ಅಲ್ಲಿಯ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ಕಾಲು ಬೇಗ ಓಡಾಡುವಂತಾಗಲಿ.

ಇಂತಿ,
ಎರಡೆರಡು ಕನೆಕ್ಷನ್ ಇದ್ದೂ ನೀನಿಲ್ಲದೆ ಸಂಪರ್ಕ ಕಡಿದುಕೊಂಡಿರುವ ನಿನ್ನ
ದಯಾನಂದ

ಮರೆತ ಮಾತು: ಮರೆತದ್ದಲ್ಲ, ಈಗ ನಡೆದದ್ದು. ಎರಡೂವರೆಗೆ ಅಂಚೆ ಡಬ್ಬದಿಂದ ಕಾಗದ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ಮೂರ್ತಪ್ಪ ಬಂದ. ಬುಟ್ಟಿ ಇರಲಿಲ್ಲ. ತಪ್ಪಾಯ್ತು ಕಣಪ್ಪ ಅಂದೆ. ಅವನು ಕ್ಯಾರಿಯರ್ ಇಟ್ಟು, “ಅಂತೂ ಹಣ್ಣಾತು” ಅಂದ. ಆಮೇಲೆ ಮೋಡೆಮ್ಮನ್ನು ನೆಲದಿಂದ ಎತ್ತಿ ಕ್ಯಾಲೆಂಡರ್ ಮೊಳೆಗೆ ತೂಗುಹಾಕಿ, “ಕೆಳಗಿಟ್ರೆ ಅಡಿಗೆಮನಿಗೆ ಸಿಗ್ನಲ್ ಬರಂಗಿಲ್ಲ, ಅಕ್ಕ ಬೈತಾಳೆ” ಅಂತ ಗದರಿದ. ತನ್ನ ಹಳೆಯ ವೈರನ್ನು ಬಿಚ್ಚತೊಡಗಿದಾಗ ನನಗೆ ನೋಡಲಾಗಲಿಲ್ಲ, ಒಳಗೆ ಹೋದೆ. ಹೊರಗೆ ಬಂದು ನೋಡಿದರೆ ಅದನ್ನು ಹಿತ್ತಲಿನ ತೆಂಗಿನಮರದಿಂದ ಬಚ್ಚಲಿನ ಕಂಬಕ್ಕೆ ನಿನ್ನ ಎತ್ತರಕ್ಕೆ ಸರಿಯಾಗಿ ಬಟ್ಟೆ ಒಣಗಿಸಲು ಕಟ್ಟಿದ್ದಾನೆ. ಎರಡೂ ಕಡೆ ಅದೇ ಗಂಟು. ಗಾಡಿ ಹತ್ತುವಾಗ ಕೇಳಿದ, “ಭಾವ, ಹಬ್ಬಕ್ಕೆ ಅಕ್ಕಂಗೆ ಯಾವ್ ಬಣ್ಣದ್ದು ತರಲಿ?” ಇಷ್ಟು ವರ್ಷ ನಿನ್ನ ಗಂಡನಾಗಿದ್ದೂ ನನಗೆ ಉತ್ತರ ಗೊತ್ತಿರಲಿಲ್ಲ. ಭಾನುವಾರದ ಹತ್ತು ನಿಮಿಷ ನನಗೆ ಬೇಡ. ಅವನಿಗೆ ಫೋನ್ ಮಾಡಿ ಬಣ್ಣ ಹೇಳು.