ನನ್ನ ಗದ್ದ

ಮಾರ್ಚ್ ೧೧, ಮಂಗಳವಾರ

ಆ ಡಾಕ್ಟರಮ್ಮನ ಮೇಲೆ ನನಗೆ ನಂಬಿಕೆಯೇ ಬರುತ್ತಿಲ್ಲ. ಮಗಳ ಕೆಮ್ಮು ತೋರಿಸಲು ಹೋದರೆ ನನ್ನ ಮುಖವನ್ನೇ ದಿಟ್ಟಿಸಿದರು. ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಗದ್ದ, ಮೂಗು, ಹಣೆ ಎಲ್ಲ ಅಳೆದರು.

“ಕೆಲವರಿಗೆ ದೊಡ್ಡವರಾದ್ಮೇಲೂ ಮುಖದ ಮೂಳೆ ಬೆಳೀತಾನೇ ಇರುತ್ತೆ, ಬೆರಳೂ ದಪ್ಪ ಆಗುತ್ತೆ. ನಾಳೆ ರಕ್ತ ಪರೀಕ್ಷೆ ಮಾಡ್ಸೋಣ.”

ಮುಖ ನೋಡಿ ಮಣೆ ಹಾಕುವವರನ್ನು ಕಂಡಿದ್ದೆ, ರೋಗ ಹೇಳುವವರನ್ನು ಕಂಡಿರಲಿಲ್ಲ. ಹೊಸ ಯಂತ್ರಕ್ಕೆ ಗಿರಾಕಿ ಹುಡುಕುತ್ತಿದ್ದಾರೆ ಅಂದುಕೊಂಡೆ.

ಕೇಳಿ ನಗುತ್ತಾಳೆ ಅಂದುಕೊಂಡು ಅಕ್ಕನಿಗೆ ಹೇಳಿದೆ. ಅವಳು ನನ್ನ ಮದುವೆಯ ಫೋಟೊ ತಂದು ಕೆನ್ನೆಯ ಪಕ್ಕ ಹಿಡಿದಳು.

“ಹೇಗೆ ಹೇಳೋದು ಅಂತ ಸುಮ್ನಿದ್ದೆ ಕಣೇ. ನಿನ್ನ ಗದ್ದ ಮೊದ್ಲು ಹೀಗಿರ್ಲಿಲ್ಲ.”

ಸೋಪು ಹಚ್ಚಿದರೂ ಮದುವೆಯ ಉಂಗುರ ಬೆರಳಿನಿಂದ ಬರಲಿಲ್ಲ. ನಾಳೆ ರಕ್ತ ಕೊಟ್ಟು ಬರುತ್ತೇನೆ.

ಇವರು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಾರೆ. ದಿನಾ ನೋಡುವ ಮುಖ, ಇವರಿಗೂ ಗೊತ್ತಿತ್ತೇ? ಎಬ್ಬಿಸಿ ಕೇಳಿಬಿಡಲೇ, ಇಲ್ಲಾ ಬೆಳಗಾಗಲಿ ಅಂತ ಬಿಡಲೇ?