ಕುರ್ಚಿಯ ಸುತ್ತಲಿನ ಗರಿಕೆ

ಮಧುರವಾಡ, ವಿಶಾಖಪಟ್ಟಣ
31 ಆಗಸ್ಟ್ 2025, ಭಾನುವಾರ

ಶ್ರಾವಣಿಯ ಅಪ್ಪನವರಿಗೆ,

ಫೋನು ಮಾಡಿದರೆ ಎರಡನೆಯ ಮಾತಿಗೇ ಜಗಳವಾಗುತ್ತದೆ, ಅದಕ್ಕೇ ಈ ಕಾಗದ. ಇದರಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ. ಪೂರ್ತಿ ಓದಿ.

ಹೌದು, ಮನೆ ಮುಂದಿನ ಲಾನ್ ಅಗೆದವಳು ನಾನೇ. ನೀವು ವಿಜಯವಾಡದ ಬ್ರ್ಯಾಂಚಿಗೆ ವರ್ಗವಾಗಿ ಹೋದ ಬೇಸಿಗೆಯಲ್ಲಿ ನಮಗೆ ಟ್ಯಾಂಕರ್ ನೀರು, ಹುಲ್ಲಿಗೆ ಬೋರಿನ ನೀರು! ಆ ಹುಲ್ಲೋ, ಮಗಳು ಕಾಲಿಟ್ಟರೂ ನೀವು ಗದರುತ್ತಿದ್ದಂಥದ್ದು. ಕಿತ್ತು ತರಕಾರಿ ಹಾಕುತ್ತೇನೆಂದರೆ, "ಹುಲ್ಲು ಕಿತ್ತಿ ಅಂದ್ರ ನಾ ಆ ಗೇಟಿನ್ಯಾಗ ಕಾಲಿಡಂಗಿಲ್ಲ ನೋಡು" ಎಂದಿರಿ. ನನಗೂ ಹಟ ಬಂತು, ಮೊದಲ ಮಳೆಗೇ ಅಗೆದೆ. ನೀವೂ ಆಡಿದ ಮಾತು ಉಳಿಸಿಕೊಂಡಿರಿ, ಚೌತಿಗೂ ಬರಲಿಲ್ಲ.

ಈಗ ಅಲ್ಲಿ ಬೆಂಡೆ, ಬಸಳೆ ಇವೆ, ಇಲ್ಲಿಯವರು ಗೋಂಗೂರ ಎನ್ನುವ ನಮ್ಮ ಪುಂಡಿ ಸೊಪ್ಪೂ ಇದೆ. ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳಗಳಿದ್ದವು, ಮೊದಲು ಕಿತ್ತೆಸೆದೆ. ಅವು ಚಿಟ್ಟೆಯಾಗುತ್ತವೆಂದು ಶ್ರಾವಣಿ ಹೇಳಿದ ಮೇಲೆ ಗಿಡವನ್ನೇ ಅವಕ್ಕೆ ಬಿಟ್ಟುಕೊಟ್ಟೆ. ಎಲೆಯೆಲ್ಲ ತೂತು. ಆದರೆ ಬೆಳಗಾದರೆ ಅಂಗಳದ ತುಂಬ ಚಿಟ್ಟೆ, ದಾಸವಾಳಕ್ಕೆ ಸೂರಕ್ಕಿ. ನಿಮ್ಮ ಲಾನಿಗೆ ಒಂದು ಗುಬ್ಬಿಯಾದರೂ ಬಂದಿತ್ತೇ?

ಚೌತಿಯ ದಿನ ಮಾತ್ರ ನನ್ನ ಜಂಬ ಇಳಿಯಿತು. ಇಲ್ಲಿ ಗಣಪನಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸುತ್ತಾರಲ್ಲ, ಪಕ್ಕದ ಮನೆಯ ಭ್ರಮರಾಂಬಗಾರಿಗೆ ನಮ್ಮಲ್ಲೇ ಬಂದು ಕೊಯ್ಯಿರಿ ಎಂದಿದ್ದೆ. ಎಕ್ಕ, ಉತ್ತರಾಣಿ, ದಾಳಿಂಬೆ, ಮರುಗ ಎಲ್ಲ ಕೊಯ್ದರು. ಆಮೇಲೆ ಸುತ್ತ ನೋಡಿ, "ಗರಿಕ ಲೇದಾ ಅಂಡಿ?" ಎಂದರು. ಗರಿಕೆಯಿಲ್ಲದೆ ನಮ್ಮ ಮನೆಯಲ್ಲಿ ಗಣಪ ಕೂತದ್ದುಂಟೇ? ನಿಮ್ಮ ಲಾನೆಲ್ಲ ಗರಿಕೆಯೇ ಅಲ್ಲವೇ! ಬೇರುಸಮೇತ ಕಿತ್ತೆಸೆದಿದ್ದೆನಲ್ಲ.

ಕೊನೆಗೆ ಸಿಕ್ಕಿತು. ಮೂಲೆಯಲ್ಲಿ, ನೀವು ಪೇಪರ್ ಓದುತ್ತಿದ್ದ ಕುರ್ಚಿಯ ಸುತ್ತ. ಕುರ್ಚಿ ಭಾರವೆಂದು ಸರಿಸದೆ ಅಷ್ಟು ಜಾಗವನ್ನು ಅಗೆಯದೆ ಬಿಟ್ಟಿದ್ದೆ. ನಿಮ್ಮ ಕತ್ತರಿಯ ಕಾಟವಿಲ್ಲದೆ ಸೊಂಪಾಗಿ ಬೆಳೆದಿತ್ತು. ಭ್ರಮರಾಂಬಗಾರೂ ಒಂದು ಹಿಡಿ ಒಯ್ದರು. ಎರಡೂ ಮನೆಯ ಗಣಪನಿಗೆ ನಿಮ್ಮ ಹುಲ್ಲೇ ಏರಿತು, ನೀವೊಬ್ಬರೇ ಇರಲಿಲ್ಲ. ಆರತಿ ಎತ್ತುವಾಗ ಅಳು ಬಂತು.

ಶನಿವಾರ ಬೆಳಿಗ್ಗೆ ರತ್ನಾಚಲ್ ರೈಲು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀರಿ. ಗೇಟಿನೊಳಗೆ ಕಾಲಿಡುವುದಿಲ್ಲವೆಂದರೆ ಹೊರಗೇ ನಿಲ್ಲಿ. ಪುಂಡಿ ಪಲ್ಯ, ಜೋಳದ ರೊಟ್ಟಿ ಮಾಡಿರುತ್ತೇನೆ. ಎಷ್ಟು ಹೊತ್ತು ನಿಲ್ಲುತ್ತೀರೋ ನಾನೂ ನೋಡುತ್ತೇನೆ.

ಸಿಟ್ಟು ಅರ್ಧಕ್ಕೆ ಇಳಿದಿರುವ ನಿಮ್ಮ,
ಮೃಣಾಲಿನಿ

ತಾ.ಕ.: ಆ ಕುರ್ಚಿ ಪ್ಲಾಸ್ಟಿಕ್ಕಿನದು. ಒಂದೇ ಕೈಯಲ್ಲಿ ಎತ್ತಬಹುದೆಂದು ನಿಮಗೂ ಗೊತ್ತು.