ಟೆರೇಸಿನ ಮೇಲಿನ ಬೆಕ್ಕು

ತಾರೀಖು ಹದಿನಾಲ್ಕು, ಶನಿವಾರ

ಮಗಳೇ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ, ಆದರೂ ಮೊದಲು ಬಂದದ್ದು ಇದೇ ಮಾತು. ಹೆತ್ತ ಹೊಟ್ಟೆಗೆ ಬೇರೆ ಗೊತ್ತಿಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು. ಲಾಂಡ್ರಿಯಲ್ಲಿ ಇಸ್ತ್ರಿಗೆ ಬಟ್ಟೆ ರಾಶಿ ಬಿದ್ದಿತ್ತು ಎಂದು ನೆಪ ಹೇಳಬಹುದು. ನಿಜವೇನೆಂದರೆ, ಬರೆದು ಬರೆದು ಹರಿದು ಹಾಕಿದೆ. ಪ್ರತಿ ಸಲವೂ ಬೈಗುಳವೇ ಮುಂದೆ ಬರುತ್ತಿತ್ತು. ಮನಸ್ಸು ತಣ್ಣಗಾಗಲಿ ಎಂದು ದೇವರ ಮುಂದೆ ಕೂತು ಬೇಡಿಕೊಂಡೆ. ಆಗಲಿಲ್ಲ. ಅವನಿಗೂ ಸಿಟ್ಟು ಬಂದಿರಬೇಕು.

ನಿನ್ನೆ ಸಂಜೆ ಶಾಲೆಯ ಸಭಾಂಗಣದಲ್ಲಿ, ನೀವು ಮನೆಮನೆಗೆ ಬಂದು ಮಾಡಿದ ಸಮೀಕ್ಷೆಯ ವರದಿ ಓದಿದರು. ನೀನು ಬಂದಿರಲಿಲ್ಲ, ನಿನ್ನ ಸಾಹೇಬರು ಬಂದಿದ್ದರು. ನಮ್ಮ ಓಣಿಯಲ್ಲಿ ಜನ ಕಡಿಮೆಯಂತೆ. ಮನೆಗೆ ಮೂರು, ಹೆಚ್ಚೆಂದರೆ ನಾಲ್ಕು. ಇರುವ ಜಾಗ ಸಾಕಾಗುತ್ತದಂತೆ. ಗಂಡಸರು ಕೆಲಸವಿಲ್ಲದೆ ಹಗಲೆಲ್ಲ ಮಲಗುತ್ತಾರಂತೆ. ಆರೋಗ್ಯದ ಬಗ್ಗೆ ಹೇಳಿಕೊಳ್ಳುವಂಥ ದೂರು ಇಲ್ಲವಂತೆ. ಆದ್ದರಿಂದ ಆರೋಗ್ಯ ಕೇಂದ್ರವನ್ನು ಪಾರ್ಕಿನ ಆಚೆ, ಜನ ಹೆಚ್ಚಿರುವ ಕಡೆ ಕಟ್ಟುತ್ತಾರಂತೆ. ಒಬ್ಬರು ಮಾತ್ರ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ನಮ್ಮ ಕಟ್ಟಡದ ಮಾಲೀಕ.

ಪಕ್ಕದಲ್ಲಿ ಕೂತಿದ್ದ ಕೆಳಗಿನ ಮನೆಯ ಹೊಲಿಗೆಯವಳು ನನ್ನ ಕಿವಿಯಲ್ಲಿ, "ಅಕ್ಕಾ, ನಮ್ಮನೇಲಿ ಮೂರೇ ಜನ ಅಂತೆ. ಹಾಗಾದ್ರೆ ಮಿಕ್ಕೋರೆಲ್ಲ ದೆವ್ವಗಳಾ? ದೆವ್ವಗಳಿಗೆ ಇಷ್ಟೊಂದು ಹಸಿವಿರುತ್ತೆ ಅಂತ ಗೊತ್ತಿರಲಿಲ್ಲ" ಎಂದಳು. ಹಿಂದಿನ ಸಾಲಿನವರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮವರ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ನೀವು ಬರುವ ಮೊದಲೇ ಮಾಲೀಕ ಮೆಟ್ಟಿಲ ಹತ್ತಿರ ನಿಂತು ಸಾರಿದ್ದ: "ಒಂದು ಕೋಣೇಲಿ ನಾಲ್ಕು ಜನಕ್ಕಿಂತ ಜಾಸ್ತಿ ಕಂಡ್ರೆ ಕಟ್ಟಡಕ್ಕೇ ಬೀಗ ಜಡೀತಾರೆ. ಆಮೇಲೆ ಬೀದೀಲಿ ಸಂಸಾರ ಮಾಡ್ಕೊಳ್ಳಿ." ಜನ ಹೆದರಿದರು. ಚಾಪೆ ಸುತ್ತಿಟ್ಟು, ಮಕ್ಕಳನ್ನೂ ಮುದುಕರನ್ನೂ ಟೆರೇಸಿಗೆ ಹತ್ತಿಸಿದರು. ಕೆಮ್ಮಿನ ತಾತನಿಗೆ ಹತ್ತಲಾಗಲಿಲ್ಲ. ಅವರನ್ನು ನೀರಿನ ಡ್ರಮ್ಮಿನ ಹಿಂದೆ ಕೂರಿಸಿ, "ಅವರು ಹೋಗೋವರೆಗೂ ಕೆಮ್ಮಬೇಡಿ ತಾತ" ಎಂದಳು ಹೊಲಿಗೆಯವಳು. "ಕೆಮ್ಮು ನನ್ನ ಮಾತು ಕೇಳೋ ಹಾಗಿದ್ರೆ ನನಗೇನಮ್ಮಾ ಕಷ್ಟ" ಎಂದು ತಾತ ಟವೆಲು ಬಾಯಿಗೆ ತುರುಕಿಕೊಂಡರು.

ಇದೆಲ್ಲ ನಿನ್ನ ಸಾಹೇಬರಿಗೆ ಗೊತ್ತಿಲ್ಲ. ನಿನಗೆ ಗೊತ್ತು. ಚಿಕ್ಕವಳಿದ್ದಾಗ ತಪಾಸಣೆಯವರು ಬಂದಾಗಲೆಲ್ಲ ಆ ಟೆರೇಸಿನ ಮೇಲೆ ಮೊಣಕಾಲು ಅಪ್ಪಿ ಕೂತವಳು ನೀನು. ಅವರು ಹೋದ ಮೇಲೆ ನಾನು ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟಿದರೆ ಇಳಿದು ಬರುತ್ತಿದ್ದೆ. ಆವತ್ತು ನಮ್ಮ ಕೋಣೆಯಲ್ಲಿ ನೀವು ಕೂತಿದ್ದಾಗ ಮೇಲೆ ಮಕ್ಕಳು ದಡದಡ ಓಡಿದರು. ಸಾಹೇಬರು ತಲೆ ಎತ್ತಿದರು. ನೀನು "ಬೆಕ್ಕಿರಬೇಕು ಸರ್" ಎಂದೆ.

ಬೆಕ್ಕು. ಆ ಬೆಕ್ಕು ನೀನೇ ಆಗಿದ್ದೆಯಲ್ಲೇ.

ನೀನು ಒಳಗೆ ಬಂದವಳೇ "ನಿಮ್ಮ ವಯಸ್ಸೆಷ್ಟು?" ಎಂದು ಕೇಳಿದಾಗಲೇ ನನಗೆ ಅರ್ಥವಾಯಿತು. ನಿನ್ನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ಹೊಸ ಕೆಲಸ, ಸಾಹೇಬರ ಎದುರು ಈ ಕೋಣೆಯಿಂದ ಬಂದವಳೆಂದು ಹೇಳಿಕೊಳ್ಳಲು ನಾಚಿಕೆ. ಆಗಲಿ ಎಂದುಕೊಂಡು "ಐವತ್ತು ಮೇಡಂ" ಎಂದೆ. ಪರದೆಯ ಹಿಂದೆ ನಿಮ್ಮಪ್ಪ ಮಲಗಿದ್ದರು. ಎಲ್ಲಿ ಎದ್ದು ನಿನ್ನ ಹೆಸರು ಹಿಡಿದು ಕರೆದುಬಿಡುತ್ತಾರೋ ಎಂದು ಪರದೆಗೆ ಅಡ್ಡ ನಿಂತೆ. ಸಾಹೇಬರು ಇಣುಕಿ ನೋಡಿ, "ಈ ಹೊತ್ತಲ್ಲಿ ಮಲಗಿದ್ದಾರಲ್ಲ, ಕೆಲಸ ಇಲ್ವಾ?" ಎಂದರು. ನೀನು ಅದನ್ನೇ ಬರೆದುಕೊಂಡೆ. ಆ ಮನುಷ್ಯ ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ರಾತ್ರಿಯೆಲ್ಲ ನಿಂತು ಬಂದು ಮಲಗಿದ್ದರು. ನೀನು ಓದಿದ್ದು ಅವರು ಹಗಲು ಮಲಗಿದ್ದರಿಂದ. ಈಗ ಊರೆದುರು ಓದಿದ ವರದಿಯಲ್ಲಿ ಅವರು ಸೋಮಾರಿ. ಅವರಿಗೆ ನಾನಿನ್ನೂ ಹೇಳಿಲ್ಲ.

ಸಾಹೇಬರು ಗೋಡೆ ಮುಟ್ಟಿ ನೋಡಿ ತೇವ ಅಂದರು. "ಮಳೆಗಾಲದಲ್ಲಿ ಮಾತ್ರ ಸರ್" ಎಂದೆ ನೀನು. ಹನ್ನೆರಡು ತಿಂಗಳೂ ಬೆವರುವ ಗೋಡೆ ಅದು. ನಿನ್ನ ಪುಸ್ತಕಗಳಿಗೆ ಬೂಷ್ಟು ಹಿಡಿಯಿತೆಂದು ಅತ್ತಿದ್ದು ಮರೆತೆಯಾ?

ನಮ್ಮನ್ನು ಬೀಗದಿಂದ ಉಳಿಸಲು ಹಾಗೆ ಮಾಡಿದೆ ಎಂದು ನೀನು ಹೇಳಬಹುದು. ಮಾಲೀಕನ ಭಯ ನಮಗಿರಲಿ, ನಾವು ಹೆಚ್ಚು ಓದದವರು. ಅವನು ಹೇಳುವುದು ಸುಳ್ಳೋ ನಿಜವೋ ಎಂದು ನಮಗೆ ತಿಳಿಸುವವಳು ನೀನಾಗಬೇಕಿತ್ತು. ಹತ್ತಿದ ಏಣಿ ಒದೆಯುವವರನ್ನು ನೋಡಿದ್ದೇನೆ. ನೀನು ಏಣಿ ಇರಲೇ ಇಲ್ಲ ಎಂದು ಬರೆದುಕೊಟ್ಟೆ.

ತಕರಾರು ಇದ್ದರೆ ಸೋಮವಾರದೊಳಗೆ ಬರೆದು ಕೊಡಿ ಎಂದರು ಸಾಹೇಬರು. ನಾನು ಎದ್ದು ನಿಂತೆ. "ಬರೆದು ಕೊಡಲ್ಲ ಸಾಹೇಬ್ರೇ. ನಾವೇ ಬರ್ತೀವಿ. ನಿಲ್ಲಿಸಿ ಎಣಿಸ್ಕೊಳ್ಳಿ" ಎಂದೆ. ಮಾಲೀಕ ಹಲ್ಲು ಕಡಿದು, "ಬೀಗ ಬಿದ್ರೆ ನನ್ನ ಹತ್ರ ಅಳಬೇಡಿ" ಎಂದ. ಹೊಲಿಗೆಯವಳು, "ಬೀಳಲಿ ಬಿಡಿ. ಆಮೇಲೆ ಬಾಡಿಗೆನಾ ಜಿರಳೆಗಳ ಹತ್ರ ವಸೂಲಿ ಮಾಡ್ಕೊಳ್ಳಿ" ಎಂದಳು. ಸಭೆಯೆಲ್ಲ ನಕ್ಕಿತು. ಆಗ ನಾನೂ ನಕ್ಕೆ.

ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿಗೆ ಬರುತ್ತೇವೆ. ಅಷ್ಟರೊಳಗೆ ನಿನಗೆ ಸಿಗಲಿ ಎಂದು ಈ ಕಾಗದವನ್ನು ಅಂಚೆಗೆ ಹಾಕದೆ ಕೈಯಲ್ಲೇ ಕಳಿಸುತ್ತಿದ್ದೇನೆ. ರಾತ್ರಿ ಪಾಳಿಯವರು ಮಲಗದೆ ಬರುತ್ತಾರೆ. ಮಕ್ಕಳು ಶಾಲೆ ಬಿಟ್ಟು ಬರುತ್ತವೆ. ಕೆಮ್ಮಿನ ತಾತನನ್ನು ಕುರ್ಚಿ ಸಮೇತ ಹೊತ್ತು ತರುತ್ತೇವೆ, ಅಲ್ಲಿ ಅವರು ಹೊಟ್ಟೆ ತುಂಬ ಕೆಮ್ಮಲಿ. ನಿಮ್ಮಪ್ಪನೂ ಬರುತ್ತಾರೆ. ನೀನು ನಿನ್ನ ಮೇಜಿನ ಹಿಂದೆಯೇ ಇರುತ್ತೀಯೋ, ಎದ್ದು ಬಂದು ಎಣಿಸುತ್ತೀಯೋ, ನಿನಗೆ ಬಿಟ್ಟದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಿನಲ್ಲಿ ಸುತ್ತುವಾಗ ತಲೆಗೆ ಬಟ್ಟೆ ಹಾಕಿಕೋ. ದೇವರು ನಿನಗೆ ಆಯಸ್ಸು ಕೊಡಲಿ, ಅದರ ಜೊತೆಗೆ ನಾಲಿಗೆಯನ್ನೂ ಕೊಡಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ನನ್ನನ್ನು "ನೀವು" ಅಂದದ್ದಕ್ಕೆ ನನಗೆ ಬೇಸರವಿಲ್ಲ. ಸೋಮವಾರವೂ ಹಾಗೆಯೇ ಅನ್ನು. ಆದರೆ ಆವತ್ತು ಕೊನೆಯಲ್ಲಿ ಸಾಹೇಬರು, "ಈ ಮನೇಲಿ ಈಚೆಗೆ ಯಾರಾದ್ರೂ ತೀರಿಕೊಂಡಿದ್ದಾರಾ, ಕೇಳಿ" ಎಂದರು. ನಾನು ಬಾಯಿ ತೆರೆದೆ. ನೀನು ನನ್ನ ಕಡೆ ನೋಡದೆ, "ಯಾರೂ ಇಲ್ಲ ಸರ್" ಎಂದು ಬರೆದುಕೊಂಡೆ. ಹೋದ ಚಳಿಗಾಲದಲ್ಲಿ ನಿನ್ನ ತಮ್ಮ ಅದೇ ಗೋಡೆಯ ಪಕ್ಕದಲ್ಲಿ ಉಸಿರು ಸಿಗದೆ ಒದ್ದಾಡಿದ. ಆಂಬುಲೆನ್ಸ್ ನಮ್ಮ ಓಣಿಗೆ ನುಗ್ಗಲಾಗದೆ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಅವನನ್ನು ಹೊತ್ತು ಓಡಿದವರೆಲ್ಲ ಸೋಮವಾರ ಬರುತ್ತಾರೆ. ಆ ಪ್ರಶ್ನೆಯೊಂದನ್ನು ನನಗೆ ಇನ್ನೊಮ್ಮೆ ಕೇಳು. ಆವತ್ತು ನೀನು ಕೂತು ಬರೆದದ್ದು ಅವನ ಮಂಚದ ಮೇಲೆ.